ನೂರ ಇಪ್ಪತ್ತು ಗಂಟುಗಳು

ಮೊದಲೇ ಹೇಳಿಬಿಡುತ್ತೇನೆ: ಆ ಗಂಟುಗಳನ್ನು ಕತ್ತರಿಸಿದವಳು ನಾನು. ಕತ್ತರಿ ನನ್ನದು, ಕೈ ನನ್ನದು, ಜಂಬವೂ ನನ್ನದೇ. ಇದನ್ನು ಕೊನೆಯವರೆಗೆ ಬಚ್ಚಿಟ್ಟು ಓದುವವರನ್ನು ಆಟವಾಡಿಸುವ ತಾಳ್ಮೆ ನನಗಿಲ್ಲ. ಆವತ್ತು ಇಡೀ ಒಂದು ಹಗಲು ಬಚ್ಚಿಟ್ಟಿದ್ದೆನಲ್ಲ, ಅಷ್ಟು ಸಾಕು.

ನಮ್ಮ ಊರಿನಲ್ಲಿ, ಯಾಂತ್ರಾ ನದಿಯ ದಡದ ಹಳೆಯ ಚರ್ಮ ಹದ ಮಾಡುವ ಕಟ್ಟಡದಲ್ಲಿ, ಕಣ್ಣಿಲ್ಲದವರ ಸಹಕಾರಿ ಕಾರ್ಖಾನೆಯಿತ್ತು. ಕೆಳಗಿನ ಮಹಡಿಯಲ್ಲಿ ಬ್ರಷ್ ವಿಭಾಗ, ಮೇಲೆ ವಿದ್ಯುತ್ ವಿಭಾಗ. ಕೆಳಗಿನವರು ದಿನವಿಡೀ ಹಂದಿಯ ಕೂದಲನ್ನು ಮರದ ತೂತುಗಳಿಗೆ ತುಂಬುತ್ತಿದ್ದರು. ಮೇಲಿನವರು ತಾಮ್ರದ ತಂತಿ ಸುತ್ತಿ ಟ್ರಾನ್ಸ್‌ಫಾರ್ಮರ್ ಮಾಡುತ್ತಿದ್ದರು. ಬ್ರಷ್ ಮಾಡುವುದು ಕೆಟ್ಟ ಕೆಲಸವೇನಲ್ಲ, ಮರ್ಯಾದೆಯ ಕೆಲಸವೇ. ಆದರೆ ಮೇಲಿದ್ದವರನ್ನು ಕೆಳಗೆ ಕಳಿಸಿದರೆ ಮಾತ್ರ ಅದಕ್ಕೆ ಒಂದೇ ಅರ್ಥವಿತ್ತು. ನಿನ್ನ ಬೆರಳುಗಳ ಕಾಲ ಮುಗಿಯಿತು ಎಂದು.

ನಾನು ಅಲ್ಲಿಗೆ ಸೇರಿದ್ದು ಸಾವಿರದ ಒಂಬೈನೂರ ಎಂಬತ್ನಾಲ್ಕರ ಶರತ್ಕಾಲದಲ್ಲಿ. ತಾಂತ್ರಿಕ ಶಾಲೆಯಿಂದ ಆಗತಾನೆ ಹೊರಬಿದ್ದಿದ್ದೆ, ಇಪ್ಪತ್ತೆರಡು ವರ್ಷ, ಮೊದಲ ದರ್ಜೆ. ಕೆಲಸ ತಪಾಸಣೆಯದು. ಮೇಲಿನ ಮಹಡಿಯ ಮೂವತ್ತೊಂದು ಜನರಲ್ಲಿ ಕಣ್ಣಿದ್ದವರು ಇಬ್ಬರೇ, ನಾನು ಮತ್ತು ಅಧ್ಯಕ್ಷ ಗೆರ್ಗಿನೊವ್. ಕಣ್ಣಿದೆ ಎಂಬುದೇ ಒಂದು ಅರ್ಹತೆ ಎಂದುಕೊಂಡಿದ್ದೆ ನಾನು. ಈಗ ನೆನೆದರೆ ಕಿವಿ ಬಿಸಿಯಾಗುತ್ತದೆ.

ತಂತಿ ಸುತ್ತುವವರಲ್ಲಿ ಹಿರಿಯ ಸ್ತೋಯ್ಮೆನಣ್ಣ. ಆರನೆಯ ವಯಸ್ಸಿನಲ್ಲಿ ದಡಾರ ಬಂದು ಕಣ್ಣು ಹೋಗಿತ್ತು. ಈಗ ಅರವತ್ತೊಂದು. ಇಪ್ಪತ್ತಾರು ವರ್ಷದಿಂದ ಕಿಟಕಿಯ ಪಕ್ಕದ ಅದೇ ಬೆಂಚು, ಅದೇ ಕೈಯಂತ್ರ. ಎತ್ತರದ ಬಡಕಲು ಮನುಷ್ಯ. ಜೇಬಿನಲ್ಲಿ ಸದಾ ಸೂರ್ಯಕಾಂತಿ ಬೀಜ, ಬಾಯಲ್ಲಿ ಸದಾ ಒಂದು ಕುಚೋದ್ಯ. ಸುರುಳಿಯ ಸುತ್ತುಗಳನ್ನು ಎಣಿಸುವಾಗ ಮಾತ್ರ ಬಾಯಿ ಬಂದ್. ಆಗ ಯಾರಾದರೂ ಮಾತಾಡಿಸಿದರೆ ಎಡಗಾಲಿನಿಂದ ನೆಲಕ್ಕೆ ಒಮ್ಮೆ ಒದೆಯುತ್ತಿದ್ದ. ಇಡೀ ಮಹಡಿ ಗಪ್‌ಚಿಪ್.

ಅವನು ಮಾಡುತ್ತಿದ್ದದ್ದು ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್. ಗೋಡೆಯಿಂದ ಬರುವ ಇನ್ನೂರ ಇಪ್ಪತ್ತು ವೋಲ್ಟನ್ನು ಒಂಬತ್ತಕ್ಕೆ ಇಳಿಸುವುದು ಅದರ ಕೆಲಸ. ಅದನ್ನು ಒಂದು ಪೆಟ್ಟಿಗೆಯಲ್ಲಿ ಕೂರಿಸಿ, ಕಣ್ಣಿಲ್ಲದವರು ಪುಸ್ತಕ ಕೇಳುವ ಟೇಪ್ ಯಂತ್ರಗಳಿಗೆಂದು ದೇಶದ ಮೂಲೆಮೂಲೆಗೆ ಕಳಿಸುತ್ತಿದ್ದೆವು. ಗೋಡೆಯ ವಿದ್ಯುತ್ತಿಗೆ ಒಂದು ಸುರುಳಿ. ಅದರ ಮೇಲೆ ಮೂರು ಪದರ ಎಣ್ಣೆ ಕಾಗದ. ಆಮೇಲೆ ಒಂಬತ್ತು ವೋಲ್ಟಿನ ಎರಡು ಸುರುಳಿಗಳು. ಎರಡು ಯಾಕೆಂದರೆ ಟೇಪಿನ ಮೋಟಾರು ತಿರುಗಲು ಒಂದರ ಬಲ ಸಾಲದು, ಎರಡನ್ನು ಜೋಡಿಸಿ ಒಂದೇ ನೊಗಕ್ಕೆ ಕಟ್ಟಬೇಕು. ಎರಡು ಸುರುಳಿಗೆ ನಾಲ್ಕು ತುದಿಗಳು. ಯಾವ ತುದಿಗೆ ಯಾವ ತುದಿ ಜೊತೆಯೋ ಅದಕ್ಕೇ ಅದನ್ನು ಸೇರಿಸಬೇಕು. ತಪ್ಪಿ ಅದಲುಬದಲಾಯಿತೋ, ಎರಡೂ ಒಂದರ ಮೇಲೊಂದು ಬಿದ್ದು ಗುದ್ದಾಡಿ ಸುಟ್ಟುಹೋಗುತ್ತವೆ.

ಗುರುತಿಗಾಗಿ ಸ್ತೋಯ್ಮೆನಣ್ಣ ನಾಲ್ಕರಲ್ಲಿ ಎರಡು ತುದಿಗಳ ಮೇಲೆ ಹತ್ತಿನೂಲಿನ ಪುಟ್ಟ ಗಂಟು ಹಾಕುತ್ತಿದ್ದ. ಪಕ್ಕದ ಮೇಜಿನ ವೆಲಿಕಕ್ಕ, ಅವಳಿಗೂ ಕಣ್ಣಿಲ್ಲ, ಬೆರಳಿನಿಂದ ಗಂಟು ಹುಡುಕಿ ಗಂಟಿಗೆ ಗಂಟು, ಬೋಳಿಗೆ ಬೋಳು ಸೇರಿಸಿ ಬೆಸುಗೆ ಹಾಕುತ್ತಿದ್ದಳು. ಕಣ್ಣಿಗೆ ಆ ಗಂಟುಗಳು ಚೆನ್ನಾಗಿ ಕಾಣುತ್ತಿರಲಿಲ್ಲ. ಒಂದು ಬಿಳಿ, ಒಂದು ಹಳದಿ, ಕೈಗೆ ಸಿಕ್ಕ ನೂಲು, ತುದಿಯಲ್ಲಿ ಜುಂಗು. ಹೊಳೆಯುವ ತಾಮ್ರದ ಮೇಲೆ ಕಸ ಅಂಟಿಕೊಂಡ ಹಾಗೆ ಕಾಣುತ್ತಿತ್ತು ನನಗೆ.

ನವೆಂಬರಿನ ಒಂದು ಶುಕ್ರವಾರ ರಾಜಧಾನಿ ಸೋಫಿಯಾದಿಂದ ಪರಿಶೀಲನಾ ಸಮಿತಿ ಬರುವುದಿತ್ತು. ಅರವತ್ತು ಟ್ರಾನ್ಸ್‌ಫಾರ್ಮರ್ ತಯಾರಾಗಿ ತಟ್ಟೆಗಳಲ್ಲಿ ಕೂತಿದ್ದವು. ಬುಧವಾರ ಸ್ತೋಯ್ಮೆನಣ್ಣ ರಜೆ ಹಾಕಿ ಆಸ್ಪತ್ರೆಗೆ ಹೋಗಿದ್ದ. ಬೆರಳ ತುದಿ ಮರಗಟ್ಟಿದಂತಾಗುತ್ತಿದೆ ಎಂದು ಹೇಳಿಕೊಂಡಿದ್ದ. ಮಧ್ಯಾಹ್ನ ಎಲ್ಲರೂ ಬೀನ್ಸ್ ಸೂಪಿಗೆಂದು ಕೆಳಗಿಳಿದಾಗ ನಾನು ಕತ್ತರಿ ಹಿಡಿದು ಕೂತೆ. ಒಂದೊಂದೇ ಗಂಟು ಕತ್ತರಿಸಿ, ಎಳೆ ಕೂಡ ಉಳಿಯದ ಹಾಗೆ ಚಿಮಟದಿಂದ ಕಿತ್ತೆ. ಅವುಗಳ ಬದಲು ಪುಸ್ತಕದಲ್ಲಿ ಓದಿದ ಹಾಗೆ, ಪ್ರತಿ ಸುರುಳಿಯ ಒಳಗಿನ ತುದಿಗೆ ಕೆಂಪು ಕೊಳವೆ ತೊಡಿಸಿದೆ. ಸುರುಳಿ ಶುರುವಾಗುವುದು ಒಳಗಿನಿಂದ, ಶುರುವಿಗೆ ಶುರು ಜೊತೆ. ಪುಸ್ತಕ ಹೇಳಿದ್ದು ಅಷ್ಟೇ. ಗಂಟು ಎಲ್ಲಿತ್ತು ಎಂದು ನೋಡುವ ಗೋಜಿಗೇ ಹೋಗಲಿಲ್ಲ. ಮುಗಿದಾಗ ಅರವತ್ತೂ ಮದುವೆಗೆ ಹೊರಟವರಂತೆ ಕೆಂಪಾಗಿ ಹೊಳೆಯುತ್ತಿದ್ದವು, ನನಗೆ ನನ್ನ ಮೇಲೇ ಪ್ರೀತಿ ಉಕ್ಕಿತು.

ಗುರುವಾರ ಬೆಳಗ್ಗೆ ವೆಲಿಕಕ್ಕ ಕೈಯಾಡಿಸಿ, "ಬಿಸೆರ್ಕಾ, ಇದೇನೇ ಇದು, ಗಂಟಿಲ್ಲ, ಯಾವ್ದೋ ಕೊಳವೆ ಇದೆ?" ಎಂದಳು.

"ಹೊಸ ಪದ್ಧತಿ ಅಕ್ಕಾ. ಕೊಳವೆಗೆ ಕೊಳವೆ ಸೇರ್ಸಿ," ಎಂದೆ.

"ಸಮಿತಿ ಬರತ್ತೆ ಅಂತ ನಮಗೂ ಲಿಪ್‌ಸ್ಟಿಕ್ ಹಚ್ತೀಯಾ ಹೇಗೆ?" ಎಂದು ನಗುತ್ತಲೇ ಅವಳು ನಾಲ್ಕು ಟ್ರಾನ್ಸ್‌ಫಾರ್ಮರುಗಳನ್ನು ಜೋಡಿಸಿ, ಪರೀಕ್ಷೆಯ ಹಲಗೆಗೆ ಸಿಕ್ಕಿಸಿ, ಸ್ವಿಚ್ ಹಾಕಿದಳು.

ಟ್ರಾನ್ಸ್‌ಫಾರ್ಮರುಗಳು ಒಂದು ತರಹ ಗುರುಗುಟ್ಟಿದವು. ನಾನು ಮೀಟರಿನ ಸೂಚಿಯನ್ನು ನೋಡುತ್ತಿದ್ದೆ. ಸೂಚಿ ಸೊನ್ನೆಯಲ್ಲಿ ನಿಂತಿತ್ತು. ಯಾಕೆ ಎಂದು ಯೋಚಿಸುವಷ್ಟರಲ್ಲಿ ಮಹಡಿಯ ಆ ತುದಿಯಿಂದ ಯಾರೋ, "ವಾರ್ನಿಷ್ ಸುಡ್ತಿದೆ!" ಎಂದು ಕೂಗಿದರು. ಕಣ್ಣಿದ್ದ ನಾನು ಪಕ್ಕದಲ್ಲೇ ನಿಂತಿದ್ದರೂ ಹೊಗೆ ಕಂಡದ್ದು ಆ ಕೂಗಿನ ಆಮೇಲೆ. ವೆಲಿಕಕ್ಕ ಸ್ವಿಚ್ ತೆಗೆಯುವುದರೊಳಗೆ ನಾಲ್ಕೂ ಕರಕಲು.

ಗೆರ್ಗಿನೊವ್ ಓಡಿಬಂದ. ಒಳ್ಳೆಯ ಮನುಷ್ಯನೇ, ಆದರೆ ಸಮಿತಿ ಎಂದರೆ ಅವನಿಗೆ ಹೊಟ್ಟೆಯೊಳಗೆ ಬೆಕ್ಕು ಓಡಾಡಿದ ಹಾಗೆ. ಸುಟ್ಟ ನಾಲ್ಕನ್ನೂ ಕೈಯಲ್ಲಿ ತೂಗಿ ನೋಡಿ, "ಇದು ಸುತ್ತಿದ್ದು ಯಾರು?" ಎಂದ.

"ಎಲ್ಲಾ ನಂದೇ," ಎಂದ ಸ್ತೋಯ್ಮೆನಣ್ಣ, ಬೆಂಚಿನಿಂದ ಎದ್ದು ನಿಂತು.

"ನಾಲ್ಕಕ್ಕೆ ನಾಲ್ಕೂ ಹೋಯ್ತಲ್ಲಯ್ಯ! ಉಳಿದಿದ್ದೂ ಹೀಗೇನಾ?" ಗೆರ್ಗಿನೊವ್‌ನ ಸ್ವರ ಇಳಿಯಿತು. "ಸ್ತೋಯ್ಮೆನ್, ನಾಳೆ ಅವರು ಬರೋ ಹೊತ್ತಿಗೆ ಇವು ಕೆಲಸ ಮಾಡ್ಲೇಬೇಕು. ಇಲ್ಲ ಅಂದ್ರೆ ಸೋಮವಾರದಿಂದ ನಿನ್ನ ಕೆಳಗೆ ಕಳಿಸ್ದೆ ನನಗೆ ಬೇರೆ ದಾರಿ ಇಲ್ಲ. ನನ್ನ ಮೇಲೂ ಜನ ಇದ್ದಾರೆ."

ಅವನು ಹೊರಟುಹೋದ. ಕೆಳಗೆ ಎಂಬ ಮಾತಿಗೆ ಇಡೀ ಮಹಡಿಯ ಯಂತ್ರಗಳು ನಿಂತುಹೋಗಿದ್ದವು.

ಸ್ತೋಯ್ಮೆನಣ್ಣ ಕೈ ಚಾಚಿದ. ನಾನು ಒಂದು ಟ್ರಾನ್ಸ್‌ಫಾರ್ಮರನ್ನು ಅವನ ಅಂಗೈಯಲ್ಲಿಟ್ಟೆ. ಅವನ ಹೆಬ್ಬೆರಳು ತಾನಾಗಿಯೇ ಗಂಟು ಇರಬೇಕಾದ ಜಾಗಕ್ಕೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಸುರುಳಿ ಸುತ್ತಿದ ಬಾಬಿನ್ನಿನ ಇನ್ನೊಂದು ಕೆನ್ನೆಗೆ, ಅಂದರೆ ಆಚೆ ಬದಿಯ ಅಂಚಿಗೆ, ತಿರುಗಿಸಿದ. ಅಲ್ಲೂ ಇಲ್ಲ. ಮತ್ತೊಂದು ಕೇಳಿದ, ಮಗದೊಂದು ಕೇಳಿದ. ಐದನೆಯದನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದ.

"ಬಿಸೆರ್ಕಾ, ಈ ಕೊಳವೆ ಹಾಕಿದ್ದು ನೀನಾ?"

"ಹೌದು."

"ಗಂಟು ಎಲ್ಲಿ?"

ಆ ಕ್ಷಣ ನನಗೆ ಎಲ್ಲ ಹೊಳೆಯಿತು ಎಂದರೆ ಸುಳ್ಳು. ಏನೋ ದೊಡ್ಡ ತಪ್ಪಾಗಿದೆ, ಅದು ನನ್ನದೇ ಎಂಬುದಷ್ಟೇ ತಿಳಿಯಿತು. ಬಾಯಿ ಮಾತ್ರ ತನ್ನ ಪಾಡಿಗೆ ತಾನು ಕೆಲಸ ಮಾಡಿತು.

"ಗಂಟು ಇರ್ಲಿಲ್ಲ ಅಣ್ಣ. ಅದಕ್ಕೇ ಪುಸ್ತಕದಲ್ಲಿ ಇರೋ ಹಾಗೆ ಕೊಳವೆ ಹಾಕ್ದೆ."

ಅವನು ಬೆಂಚಿನ ಮೇಲೆ ಕೂತ. ಬಹಳ ಹೊತ್ತು ಎರಡೂ ಕೈಯನ್ನು ಒಂದರೊಳಗೊಂದು ತಿಕ್ಕುತ್ತಿದ್ದ.

"ಕಟ್ಟಿದ ನೆನಪಿದೆ," ಎಂದ ಮೆಲ್ಲಗೆ. "ಒಂದೊಂದೂ ಕಟ್ಟಿದ ನೆನಪಿದೆ ವೆಲಿಕಾ. ಅದೇ ನನಗೆ ಹೆದರಿಕೆ."

ಆಗ ನಾನು ಬಾಯಿ ಬಿಟ್ಟಿದ್ದರೆ ಎರಡೇ ನಿಮಿಷದಲ್ಲಿ ಮುಗಿಯುತ್ತಿತ್ತು. ಆದರೆ ಒಂದು ಸುಳ್ಳು ಹೇಳಿದ ಮೇಲೆ ಎರಡು ನಿಮಿಷ ಎಷ್ಟು ಉದ್ದವಿರುತ್ತದೆ ಎಂಬುದು ಹೇಳಿದವರಿಗೇ ಗೊತ್ತು.

ಕೊನೆಗೆ ಅವನೇ ಎದ್ದ. "ಸರಿ. ಕೆಳಗೆ ಹೋಗೋದು ಸೋಮವಾರ ತಾನೇ. ಇವತ್ತು ಇವನ್ನ ಮಾತಾಡಿಸೋಣ," ಎಂದು ಬೆಂಚಿನ ಕೆಳಗಿನಿಂದ ಒಂದು ಬಾಗಿಲ ಬೆಲ್ ತೆಗೆದ. ಯಾವುದೋ ಕೆಡವಿದ ಮನೆಯ ಹಳೆಯ ಬೆಲ್, ತಟ್ಟೆ ಸೊಟ್ಟಗಾಗಿತ್ತು.

"ನನ್ನ ಹತ್ರ ಮೀಟರ್ ಇದೆ ಅಣ್ಣ," ಎಂದೆ.

"ನಿನ್ನ ಮೀಟರ್ ನಿನಗೊಬ್ಬಳಿಗೆ ಕಾಣತ್ತೆ. ಇದು ಮೂವತ್ತು ಜನಕ್ಕೆ ಕೇಳತ್ತೆ. ಬಾ, ಕೂತ್ಕೋ."

ಮೊದಲು ನಾನು ಪುಸ್ತಕದ ಪರವಾಗಿ ವಾದಿಸಿದೆ. ಒಳಗಿನ ತುದಿಯೇ ಶುರು, ಶುರುಗಳೆರಡೂ ಜೊತೆ, ಹಾಗಿರುವಾಗ ಸುಟ್ಟಿದ್ದು ಹೇಗೆ? ಅವನು ಖಾಲಿ ಬಾಬಿನ್ ಒಂದನ್ನು ನನ್ನ ಕೈಗೆ ಕೊಟ್ಟ.

"ಪುಸ್ತಕ ಬರ್ದೋನಿಗೆ ಕಣ್ಣಿತ್ತು. ನಾಲ್ಕು ತುದೀನೂ ಒಂದೇ ಕಡೆ ಬಿಟ್ಟು ಬಣ್ಣ ನೋಡ್ಕೋತಾನೆ. ನನಗೆ ಹಾಗಾಗಲ್ಲ. ಮೊದಲ್ನೇ ಸುರುಳಿ ತುದಿ ಈ ಕೆನ್ನೇಲಿ ಬರ್ಬೇಕು, ಎರಡ್ನೇದು ಆ ಕೆನ್ನೇಲಿ. ಅದಕ್ಕೇ ಮೊದಲ್ನೇದು ಸುತ್ತಿದ ಮೇಲೆ ಬಾಬಿನ್ ಬಿಚ್ಚಿ, ಹಿಂದುಮುಂದು ಮಾಡಿ ಮತ್ತೆ ಹಾಕ್ತೀನಿ. ಆದ್ರೆ ನನ್ನ ಕೈ ತಿರುಗೋದು ಯಾವ ಕಡೆಗೆ?"

"ಮೊದಲಿನ ಕಡೆಗೇ."

"ಹಾಂ. ಈಗ ಬೆರಳಲ್ಲಿ ಸುತ್ತಿ ನೋಡು."

ಬೆರಳಲ್ಲಿ ಸುತ್ತಿದೆ. ಬಾಬಿನ್ ತಿರುಗಿಸಿದೆ. ಮತ್ತೆ ಸುತ್ತಿದೆ. ಬೆರಳು ಮೊದಲು ಹೋದ ದಾರಿಗೆ ಎದುರಾಗಿ ಹೋಯಿತು. ಎರಡನೆಯ ಸುರುಳಿಯಲ್ಲಿ ಜೊತೆಯ ತುದಿ ಒಳಗಿನದಲ್ಲ, ಹೊರಗಿನದು. ಅವನ ಗಂಟು ಸುರುಳಿ ಎಲ್ಲಿ ಶುರುವಾಯಿತು ಎಂದು ಹೇಳುತ್ತಿರಲಿಲ್ಲ. ಯಾವುದು ಯಾವುದರ ಜೊತೆ ಹೆಜ್ಜೆ ಹಾಕುತ್ತದೆ ಎಂದು ಹೇಳುತ್ತಿತ್ತು.

"ಹಾಗಾದ್ರೆ ಎಲ್ಲದರಲ್ಲೂ ಒಂದನ್ನ ಅದಲುಬದಲು ಮಾಡಿದ್ರೆ ಆಯ್ತು!" ಎಂದೆ.

"ಆಗಲ್ಲ. ಒಂದಷ್ಟು ಬಾಬಿನ್ ಕೆನ್ನೆ ಸೀಳಿತ್ತು. ಅವನ್ನ ತಿರುಗಿಸ್ದೆ ಹಾಗೇ ಸುತ್ತಿದ್ದೀನಿ. ಯಾವ್ದು ಅಂತ ಗಂಟಿಗೆ ಗೊತ್ತಿತ್ತು, ನನಗೆ ಗೊತ್ತಿಲ್ಲ. ಐವತ್ತಾರನ್ನೂ ಒಂದೊಂದಾಗಿ ಕೇಳ್ಬೇಕು."

ಅವನು ಒಂದು ಟ್ರಾನ್ಸ್‌ಫಾರ್ಮರಿಗೆ ಗೋಡೆಯ ವಿದ್ಯುತ್ ಕೊಟ್ಟು, ಮೊದಲ ಸುರುಳಿಯ ಎರಡು ತುದಿಗಳನ್ನು ಬೆಲ್ಲಿಗೆ ಮುಟ್ಟಿಸಿದ. ಟ್ರಿಣ್ಣೆಂದಿತು. ಎರಡನೆಯದನ್ನು ಮುಟ್ಟಿಸಿದ. ಅದೂ ಟ್ರಿಣ್ಣೆಂದಿತು, ಅದೇ ಸ್ವರ.

"ಎರಡಕ್ಕೂ ಜೀವ ಇದೆ. ಇದನ್ನ ಮೊದ್ಲು ಕೇಳಿಸ್ಕೋಬೇಕು, ಮರೀಬೇಡ," ಎಂದ. "ಈಗ ಈ ಕೆನ್ನೆಯಿಂದ ಒಂದು ತುದಿ, ಆ ಕೆನ್ನೆಯಿಂದ ಒಂದು ತುದಿ, ಎರಡನ್ನೂ ಸೇರಿಸ್ತೀನಿ. ಉಳಿದ ಎರಡನ್ನ ಬೆಲ್ಲಿಗೆ ಕೊಡ್ತೀನಿ."

ಕಿವಿ ತೂತಾಗುವಂತೆ ಬೆಲ್ ಕಿರುಚಿತು. ಎರಡರ ಬಲವೂ ಒಂದಾಗಿ ಹದಿನೆಂಟು ವೋಲ್ಟ್. ನಾನು ಬೆಚ್ಚಿಬಿದ್ದೆ, ಯಾರೋ ನಕ್ಕರು.

"ಇದು ಜೊತೆಯಲ್ಲ. ಒಬ್ಬರ ಬಾಲ ಒಬ್ಬರು ಹಿಡ್ಕೊಂಡಿದ್ದಾರೆ. ಒಂದನ್ನ ತಿರುಗಿಸೋಣ." ತುದಿ ಬದಲಾಯಿಸಿ ಮತ್ತೆ ಮುಟ್ಟಿಸಿದ.

ಏನೂ ಇಲ್ಲ.

ಬೆಲ್ಲಿನ ಸುತ್ತಿಗೆ ಮಿಸುಕಲಿಲ್ಲ. ಟ್ರಾನ್ಸ್‌ಫಾರ್ಮರ್ ತನ್ನ ಪಾಡಿಗೆ ಸಣ್ಣಗೆ ಗುಂಯ್ಗುಡುತ್ತಿತ್ತು. ಮೂವತ್ತು ಜನ ಕೈ ನಿಲ್ಲಿಸಿ ಆ ಇಲ್ಲದ ಸದ್ದನ್ನು ಕೇಳುತ್ತಿದ್ದರು. ಒಂಬತ್ತರಲ್ಲಿ ಒಂಬತ್ತು ಕಳೆದರೆ ಸೊನ್ನೆ ಎಂದು ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ತೆಗೆದುಕೊಂಡವಳು ನಾನು. ಆದರೆ ಆ ಸೊನ್ನೆಯೊಳಗೆ ಎರಡು ಜೀವಂತ ಸುರುಳಿಗಳಿರುತ್ತವೆ, ಈಗತಾನೆ ಒಂದೊಂದಾಗಿ ಕೂಗಿದವು ಹೀಗೆ ಸುಮ್ಮನಾಗುತ್ತವೆ ಎಂದು ನನಗೆ ಯಾರೂ ಹೇಳಿರಲಿಲ್ಲ. ನನ್ನ ತೋಳಿನ ರೋಮವೆಲ್ಲ ಎದ್ದು ನಿಂತಿತು.

"ಇದೇ ಜೊತೆ," ಎಂದ ಸ್ತೋಯ್ಮೆನಣ್ಣ. "ಎರಡೂ ಒಂದೇ ಹೊತ್ತಿಗೆ ಏರ್ತಾವೆ, ಒಂದೇ ಹೊತ್ತಿಗೆ ಇಳೀತಾವೆ. ಮಧ್ಯೆ ಜಗಳಾನೇ ಇಲ್ಲ, ಬೆಲ್ ಬಡ್ಯೋರು ಯಾರು? ಈ ಉಳಿದ ಎರಡನ್ನ ಈಗ ಧೈರ್ಯವಾಗಿ ಸೇರಿಸ್ಬಹುದು. ಕಿಡಿ ಕೂಡ ಬರಲ್ಲ."

ಸೇರಿಸಿದ. ಕಿಡಿ ಬರಲಿಲ್ಲ. ಗುಂಯ್ ಸದ್ದು ಕೂಡ ಬದಲಾಗಲಿಲ್ಲ.

"ತಂತಿ ತುಂಡಾಗಿದ್ರೂ ಬೆಲ್ ಸುಮ್ಮನೇ ಇರತ್ತಲ್ಲ ಅಣ್ಣ?"

"ಅದಕ್ಕೇ ಮೊದ್ಲು ಒಂದೊಂದನ್ನೂ ಕೇಳಿದ್ದು. ಸುಮ್ಮನಿರೋದ್ರಲ್ಲಿ ಎರಡು ಥರ ಇದೆ ಮಗಳೇ. ಒಂದು ಒಪ್ಕೊಂಡು ಸುಮ್ಮನಿರೋದು, ಇನ್ನೊಂದು ಸತ್ತು ಸುಮ್ಮನಿರೋದು. ಕೇಳಿಸೋಕೆ ಎರಡೂ ಒಂದೇ."

ಆ ಕಡೆಯಿಂದ ವೆಲಿಕಕ್ಕ, "ನಾನೂ ನನ್ನ ಗಂಡಾನೂ ಹತ್ತು ವರ್ಷದಿಂದ ಸುಮ್ಮನಿದ್ದೀವಪ್ಪ. ನಮ್ದು ಯಾವ ಥರ?" ಎಂದಳು.

"ಬೇರೆ ಬೇರೆಯಾಗಿ ಮುಟ್ಟಿದ್ರೆ ಇಬ್ರೂ ಕಿರುಚ್ತೀರಾ?"

"ಅಯ್ಯೋ, ಬೀದಿಗೆಲ್ಲಾ ಕೇಳ್ಸತ್ತೆ!"

"ಹಾಗಾದ್ರೆ ತಂತಿ ತುಂಡಾಗಿಲ್ಲ ಬಿಡು, ಬಾಳ್ವೆ ಮಾಡಿ."

ಮಹಡಿ ನಗೆಯಲ್ಲಿ ತುಂಬಿಹೋಯಿತು. ಅವನು ಮಾತ್ರ ನಗಲಿಲ್ಲ. ನೂಲಿನ ಉಂಡೆಯನ್ನು ನನ್ನ ಕಡೆ ತಳ್ಳಿ, "ಗಂಟು ನೀನು ಕಟ್ಟು. ನನ್ನ ಬೆರಳು ಬೇಡ," ಎಂದ.

ಆ ಮಾತು ನನಗೆ ಎಲ್ಲಿ ಚುಚ್ಚಬೇಕೋ ಅಲ್ಲೇ ಚುಚ್ಚಿತು. ಆದರೂ ಕಟ್ಟಿದೆ. ಅವನು ಮುಟ್ಟಿಸುವುದು, ಬೆಲ್ ಹೇಳುವುದು, ನಾನು ಕಟ್ಟುವುದು, ವೆಲಿಕಕ್ಕ ಬೆಸೆಯುವುದು. ಟ್ರಿಣ್, ಟ್ರಿಣ್, ಆಮೇಲೆ ಕಿರುಚು ಅಥವಾ ಮೌನ. ಮೂರು ನಾಲ್ಕು ಆದ ಮೇಲೆ ಕಿರುಚಿದಾಗ ಸುತ್ತಲಿನವರು "ತಿರುಗಿಸು!" ಎಂದು ಕೂಗತೊಡಗಿದರು. ಮೌನವಾದಾಗ ಮೂವತ್ತು ಜನ ಒಟ್ಟಿಗೆ "ಹ್ಮ್" ಎನ್ನುತ್ತಿದ್ದರು. ಚರ್ಚಿನಲ್ಲಿ ಪಾದ್ರಿಯ ಮಾತಿಗೆ ಮುದುಕಿಯರು ಗುಟ್ಟಾಗಿ ಹೂಂಗುಡುತ್ತಿದ್ದರಲ್ಲ, ಹಾಗೆ. ನನಗೆ ಕಣ್ಣು ತುಂಬಿ ಬರುತ್ತಿತ್ತು. ಬೆರಗಿನಿಂದಲೋ ಅಪರಾಧದಿಂದಲೋ ಹೇಳಲಾರೆ, ಎರಡೂ ಸೇರಿ ಒಂದೇ ನೀರಾಗಿತ್ತು.

ಮಧ್ಯಾಹ್ನ ಊಟಕ್ಕೆ ಅವನು ಇಳಿಯಲಿಲ್ಲ. ಜೇಬಿನ ಬೀಜ ಒಡೆಯುತ್ತ ಕೂತಿದ್ದ. ನಾನು ತಂದಿದ್ದ ಬಾನಿತ್ಸಾ ಎಂಬ ಚೀಸ್ ರೊಟ್ಟಿಯಲ್ಲಿ ಅರ್ಧ ಕೊಟ್ಟೆ. ತಿನ್ನುತ್ತ, ಸುಮ್ಮನೆ ಎಂಬಂತೆ ಕೇಳಿದ.

"ಗೋಡೆ ವಿದ್ಯುತ್ತಿನ ಸುರುಳಿ ಒಳಗಿದೆ. ಅದರ ಮೇಲೆ ಮೂರು ಪದರ ಕಾಗದ, ನಾನೇ ಸುತ್ತಿದ್ದು. ಈ ಸುರುಳಿಗಳು ಅದರ ಮೇಲೆ. ಎಲ್ಲೂ ಒಂದಕ್ಕೊಂದು ತಾಗಿಲ್ಲ. ಹಾಗಾದ್ರೆ ಬೆಲ್ ಬಡ್ಯೋದಕ್ಕೆ ಆಚೆಯಿಂದ ಈಚೆಗೆ ದಾಟಿದ್ದು ಏನು?"

"ಕಾಂತಕ್ಷೇತ್ರ," ಎಂದೆ ಥಟ್ಟನೆ.

"ಅದು ಅದರ ಹೆಸರು. ದಾಟಿದ್ದು ಏನು ಅಂತ ನಾನು ಕೇಳಿದ್ದು."

ಅವನು ಕೈ ಒರೆಸಿಕೊಂಡು ಹೇಳಿದ, "ಇಪ್ಪತ್ತಾರು ವರ್ಷದಿಂದ ನಾನೂ ಕೇಳ್ಕೋತಾ ಇದ್ದೀನಿ. ನಿಮಗೆಲ್ಲ ಎಷ್ಟೋ ಕಾಣತ್ತೆ, ಆದ್ರೆ ಅದು ನಿಮಗೂ ಕಾಣಲ್ಲ. ಅದರ ಮುಂದೆ ನಾವಿಬ್ರೂ ಒಂದೇ. ಅದಕ್ಕೇ ನನಗೆ ಈ ಬೆಂಚು ಇಷ್ಟ." ಬೆಂಚನ್ನು ಒಮ್ಮೆ ಸವರಿ, "ಇಷ್ಟ ಇತ್ತು," ಎಂದ.

ಈಗ ಹೇಳು, ಈಗ ಹೇಳು ಎಂದು ಒಳಗೆ ಯಾರೋ ಬಡಿಯುತ್ತಿದ್ದರು. ಎಲ್ಲ ಸರಿಯಾದ ಮೇಲೆ ಯಾರು ಏನು ಕೇಳುತ್ತಾರೆ, ಬೆಂಚು ಉಳಿದರೆ ಸಾಕಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೇಡಿಗಳಿಗೆ ಇಂಥ ಲೆಕ್ಕ ಬಹಳ ಬೇಗ ಬರುತ್ತದೆ.

ನಾಲ್ಕು ಗಂಟೆಯ ಹೊತ್ತಿಗೆ ಮೂರು ಉಳಿದಿದ್ದವು. ಮುಂದಿನದನ್ನು ಎತ್ತಿಕೊಡಲು ಕೈ ಹಾಕಿದ ವೆಲಿಕಕ್ಕ ಚೀರಿದಳು. "ಸ್ತೋಯ್ಮೆನ್! ಇಲ್ಲೊಂದು ಗಂಟಿದೆ!"

ನನ್ನ ಕತ್ತರಿಗೆ ತಪ್ಪಿಸಿಕೊಂಡ ಒಂದು ಗಂಟು. ಕಾಗದದ ಮಡಿಕೆಯ ಸಂದಿಯಲ್ಲಿ ಅಡಗಿ ಕೂತಿತ್ತು. ಅವನು ಅದನ್ನು ಕೈಗೆ ತೆಗೆದುಕೊಂಡು ಹೆಬ್ಬೆರಳಿನಿಂದ ಉಜ್ಜಿದ. ಇನ್ನು ಅವನಿಗೆ ತಿಳಿಯುತ್ತದೆ, ನನ್ನ ಕತೆ ಮುಗಿಯಿತು ಎಂದುಕೊಂಡೆ. ನಿಜ ಹೇಳಬೇಕೆಂದರೆ ಹಾಯೆನಿಸಿತು ಕೂಡ. ಆದರೆ ಅವನ ಮುಖ ಇನ್ನಷ್ಟು ಬತ್ತಿತು.

ಅಷ್ಟರಲ್ಲಿ ಗೆರ್ಗಿನೊವ್ ಮೇಲೆ ಬಂದ. ತಟ್ಟೆಗಳನ್ನು ನೋಡಿ, ವೆಲಿಕಕ್ಕ ಜೋಡಿಸಿದ್ದನ್ನು ಒಂದೊಂದಾಗಿ ಹಲಗೆಗೆ ಸಿಕ್ಕಿಸಿ, ಸೂಚಿ ಒಂಬತ್ತಕ್ಕೆ ಹೋಗಿ ನಿಂತದ್ದನ್ನು ನೋಡಿ, ಉಸಿರು ಬಿಟ್ಟ. "ಅಬ್ಬಾ! ಬದುಕಿದೆ ಕಣಯ್ಯಾ. ಸುಟ್ಟ ನಾಲ್ಕು ಆಮೇಲೆ ಸುತ್ತುವಿಯಂತೆ. ಕೆಳಗೆ ಹೋಗೋ ಮಾತು ಬಿಟ್ಟಾಕು."

"ಬೇಡ ಕಾಮ್ರೇಡ್. ಸೋಮವಾರ ನಾನೇ ಇಳೀತೀನಿ," ಎಂದ ಸ್ತೋಯ್ಮೆನಣ್ಣ.

"ಯಾಕಯ್ಯಾ?"

"ಅರವತ್ತಕ್ಕೆ ನೂರ ಇಪ್ಪತ್ತು ಗಂಟು. ಎಲ್ಲಾ ಮರ್ತಿದ್ರೆ, ಏನೋ ಜ್ವರದಲ್ಲಿ ಮರ್ತೆ ಅನ್ನಬಹುದಿತ್ತು. ಒಂದನ್ನ ಕಟ್ಟಿದ್ದೀನಿ, ನೂರ ಹತ್ತೊಂಬತ್ತು ಕಟ್ಟಿಲ್ಲ. ಆದ್ರೆ ನೂರ ಇಪ್ಪತ್ತೂ ಕಟ್ಟಿದ್ದೀಯ ಅಂತ ಬೆರಳು ಹೇಳ್ತಿದೆ." ಅವನು ಕೈಗಳನ್ನು ಮುಂದೆ ಹಿಡಿದ, ಯಾರದೋ ಕೈಗಳನ್ನು ತೋರಿಸುವ ಹಾಗೆ. "ನಿಮಗೆ ಕಣ್ಣು ಸುಳ್ಳು ಹೇಳಿದ್ರೆ ಕೈಯಿಂದ ಮುಟ್ಟಿ ನೋಡ್ತೀರಿ. ನನ್ನ ಕೈಯೇ ಸುಳ್ಳು ಹೇಳೋಕೆ ಶುರು ಮಾಡಿದ್ರೆ ನಾನು ಯಾವುದರಿಂದ ನೋಡ್ಲಿ? ಬ್ರಷ್ಷು ತಪ್ಪಾದ್ರೆ ಯಾರ ಮನೇನೂ ಸುಡಲ್ಲ. ಕಳಿಸ್ಬಿಡಿ."

ನಾನು ನೂಲಿನ ಉಂಡೆ ಕೆಳಗಿಟ್ಟೆ.

"ನಾನು ಕತ್ತರಿಸ್ದೆ," ಎಂದೆ.

ಯಾರಿಗೂ ಕೇಳಿಸಲಿಲ್ಲವೇನೋ. ಎದ್ದು ನಿಂತು ಮತ್ತೆ ಹೇಳಿದೆ. "ಗಂಟು ಇತ್ತು. ಎಲ್ಲದರಲ್ಲೂ ಇತ್ತು. ನಿನ್ನೆ ಊಟದ ಹೊತ್ತಲ್ಲಿ ನಾನೇ ಕತ್ತರಿಸ್ದೆ. ಚೆಂದ ಕಾಣ್ಲಿ ಅಂತ. ಆಮೇಲೆ ಇರ್ಲಿಲ್ಲ ಅಂತ ಸುಳ್ಳು ಹೇಳ್ದೆ."

ಒಂದು ಸದ್ದಿಲ್ಲ. ಯಂತ್ರವಿಲ್ಲ, ಕೆಮ್ಮಿಲ್ಲ, ಕುರ್ಚಿಯ ಕಿರ್ ಸದ್ದೂ ಇಲ್ಲ. ಆ ದಿನವಷ್ಟೇ ಎರಡು ಥರದ ಮೌನ ಕಲಿತಿದ್ದೆನಲ್ಲ, ಇದು ಯಾವುದು ಎಂದು ನನಗೆ ತಿಳಿಯಲಿಲ್ಲ.

"ಯಾವುದರಲ್ಲಿ ಕತ್ತರಿಸ್ದೆ?" ಎಂದು ಕೇಳಿದ ಸ್ತೋಯ್ಮೆನಣ್ಣ. ಸ್ವರದಲ್ಲಿ ಸಿಟ್ಟಿರಲಿಲ್ಲ. ಸುತ್ತು ಎಣಿಸುವಾಗಿನ ಸ್ವರ ಅದು.

"ಕತ್ತರೀಲಿ. ಎಳೆ ಉಳೀಬಾರ್ದು ಅಂತ ಚಿಮಟದಲ್ಲಿ ಕಿತ್ತೆ."

"ಅರವತ್ತರಲ್ಲೂ ಇತ್ತಾ?"

"ಅರವತ್ತರಲ್ಲೂ."

"ಎರಡೆರಡು?"

"ಎರಡೆರಡು, ಅಣ್ಣ. ಒಂದೂ ಬಿಟ್ಟಿರ್ಲಿಲ್ಲ ನೀವು."

ಅವನು ಎರಡೂ ಕೈಯನ್ನು ಬೆಂಚಿನ ಮೇಲೆ ಅಂಗಾತ ಇಟ್ಟ. ಹತ್ತೂ ಬೆರಳು ಬಿಡಿಸಿದ.

"ಹಾಗಾದ್ರೆ ಸರಿಯಾಗೇ ಇವೆ," ಎಂದ.

ನನ್ನ ಬಗ್ಗೆ ಒಂದು ಮಾತಿಲ್ಲ, ಬೈಗುಳವಿಲ್ಲ. ನಾನು ಆ ಮಹಡಿಯಲ್ಲಿ ಇದ್ದೇನೆ ಎಂಬುದನ್ನೇ ಅವನು ಮರೆತಿದ್ದ. ಬೆರಳುಗಳನ್ನು ಒಂದೊಂದಾಗಿ ಮಡಿಸಿ, ಬಿಡಿಸಿ, ಇನ್ನೊಂದು ಕೈಯಿಂದ ಸವರಿ ನೋಡಿದ. ಊರು ಬಿಟ್ಟು ಹೋಗಿದ್ದವರು ಹಿಂದಿರುಗಿ ಬಂದರೆ ನಾವು ಮುಖ ಮೈ ಮುಟ್ಟಿ ನೋಡುತ್ತೇವಲ್ಲ, ಹಾಗೆ. ಆ ಕಾಣದ ಕಣ್ಣುಗಳಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುವ ನೆನಪೂ ಇರಲಿಲ್ಲ.

ವೆಲಿಕಕ್ಕ ಮಾತ್ರ ಬಿಡಲಿಲ್ಲ. "ನಿನ್ನ ಲಿಪ್‌ಸ್ಟಿಕ್‌ಗೆ ಬೆಂಕಿ ಹಾಕ! ಬೆಳಗ್ಗೆಯಿಂದ ಆ ಮುದುಕನ್ನ ಕೊಂದೆಯಲ್ಲೇ," ಎಂದು ಶುರುಮಾಡಿದವಳು ಕಾಲು ಗಂಟೆ ನಿಲ್ಲಿಸಲಿಲ್ಲ. ಎಲ್ಲವೂ ನ್ಯಾಯವಾಗಿ ನನಗೆ ಸಲ್ಲಬೇಕಾದದ್ದೇ. ಗೆರ್ಗಿನೊವ್ ಕೂಡ ಮುಖ ಕೆಂಪು ಮಾಡಿಕೊಂಡು, "ಸೋಮವಾರ ಕೆಳಗೆ ಯಾರು ಹೋಗ್ಬೇಕು ಅಂತ ಈಗ ಗೊತ್ತಾಯ್ತು," ಎಂದ. ನಾನು ಮಾರ್ಚ್‌ವರೆಗೆ ಬ್ರಷ್ ಮಾಡಿದೆ. ಕಣ್ಣಿದ್ದವಳೊಬ್ಬಳು ಬ್ರಷ್ ವಿಭಾಗದಲ್ಲಿ ಕೂತದ್ದು ಅದೇ ಮೊದಲಂತೆ. ನನ್ನ ಬ್ರಷ್ಷುಗಳ ಕೂದಲು ಉದುರುತ್ತಿದ್ದವು.

ಆದರೆ ಅದು ಸೋಮವಾರದ ಮಾತು. ಆ ಸಂಜೆ ಇನ್ನೊಂದು ನಡೆಯಿತು. ಸ್ತೋಯ್ಮೆನಣ್ಣ ಕಣ್ಣೊರೆಸಿಕೊಂಡು, ನಾನು ಗಂಟು ಹಾಕಿದ್ದ ಒಂದನ್ನು ಎತ್ತಿಕೊಂಡ. ಹೆಬ್ಬೆರಳು ಆಡಿಸಿದ. ಹುಬ್ಬು ಗಂಟಾಯಿತು.

"ಇದನ್ನ ಯಾರು ಕಟ್ಟಿದ್ದು?"

"ನಾನು."

"ಗಂಟಾ ಇದು? ಇಲಿ ಕಚ್ಚಿ ಬಿಟ್ಟ ಹಾಗಿದೆ. ಪಕ್ಕದಲ್ಲಿ ಕೂತು ನೂಲು ಕೊಡು. ಎಲ್ಲಾ ಬಿಚ್ಚಿ ಕಟ್ಟೋಣ."

ಉಳಿದಿದ್ದ ಮೂರನ್ನೂ ಮೊದಲು ಬೆಲ್ಲಿಗೆ ಕೇಳಿಸಿ, ಒಂದು ಬಿಚ್ಚಿ, ಆ ಜಾಗದಲ್ಲೇ ಇನ್ನೊಂದು ಕಟ್ಟುತ್ತ ಹೋದ. ಎರಡು ಬೆರಳು ನೂಲನ್ನು ಹಿಡಿದವು, ಮೂರನೆಯದು ಸುತ್ತು ಹಾಕಿತು, ಹಲ್ಲಿನಿಂದ ಒಮ್ಮೆ ಎಳೆದ, ಮುಗಿಯಿತು. ನೋಡುತ್ತ ಕೂತಿದ್ದ ನನಗೆ ಯಾವ ಬೆರಳು ಯಾವಾಗ ಏನು ಮಾಡಿತು ಎಂದು ಕಣ್ಣಿದ್ದೂ ಹಿಡಿತಕ್ಕೆ ಸಿಗಲಿಲ್ಲ. ಬೆಲ್ಲಿನ ಮೌನಕ್ಕೆ ಎದ್ದಿದ್ದ ರೋಮ ಈಗ ಮತ್ತೆ ಎದ್ದವು. ಯಾರೂ ಮನೆಗೆ ಹೊರಡಲಿಲ್ಲ. ಅವನು ಎಣಿಸುತ್ತಿದ್ದಾನೆಂದು ತಿಳಿದು ಮೂವತ್ತು ಜನವೂ ಬಾಯಿ ಮುಚ್ಚಿಕೊಂಡಿದ್ದರು. ನಾನು ನೂಲು ಕೊಡುತ್ತ ಹೋದೆ. ಸುಟ್ಟ ನಾಲ್ಕನ್ನು ಬಿಟ್ಟು ನೂರ ಹನ್ನೊಂದು ಗಂಟುಗಳಾದ ಮೇಲೆ, ಕಾಗದದ ಸಂದಿಯಲ್ಲಿ ಉಳಿದುಕೊಂಡಿದ್ದ ತನ್ನ ಹಳೆಯ ಗಂಟಿಗೆ ಬಂದ. ಅದನ್ನು ಬಿಚ್ಚಲಿಲ್ಲ. ಹೆಬ್ಬೆರಳನ್ನು ಅದರ ಮೇಲಿಟ್ಟು ಸ್ವಲ್ಪ ಹೊತ್ತು ಹಾಗೇ ಕೂತಿದ್ದು, ತಟ್ಟೆಗೆ ಸೇರಿಸಿದ.